ಅಕ್ಕಲಕರೆಯ ಬೇರು, ಅಟ್ಲಾಸ್ ಬೆಟ್ಟದ ಹೂವು

ಅಕ್ಕಲಕರೆ ಎಂಬ ಹೆಸರು ಕೇಳಿ ಎಷ್ಟು ವರ್ಷವಾಯಿತು ಹೇಳಿ? ಐವತ್ತು ದಾಟಿದವರಿಗೆ ನೆನಪಿರಬಹುದು. ಅಕ್ಕಲಕರಿ, ಅಕ್ಕಲಕಾರ... ಊರಿಗೊಂದು ಉಚ್ಚಾರ. ನಮ್ಮ ಧಾರವಾಡದ ಮನೆಯಲ್ಲಿ ಅಜ್ಜಿಯ ಔಷಧದ ಡಬ್ಬಿಯೊಳಗೆ ಬಜೆ, ಅಳಲೆಕಾಯಿ, ಜಾಜಿಕಾಯಿ, ಜೇಷ್ಠಮಧುಗಳ ಜೊತೆಗೆ ಇದೂ ಇರುತ್ತಿತ್ತು. ಕಿರುಬೆರಳಿನಷ್ಟು ದಪ್ಪದ, ಸುಕ್ಕುಸುಕ್ಕಾದ ಕಂದು ಬೇರು. ಮುರಿದರೆ ಒಳಗೆ ಬಿಳಿ. ಹಲ್ಲುನೋವು ಎಂದು ಅತ್ತರೆ ಅಜ್ಜಿ ಒಂದು ಸಣ್ಣ ಚೂರು ಕೊಟ್ಟು, "ಅಗಿಬ್ಯಾಡ, ಬರೇ ಹಲ್ಲಿನಾಗ ಹಿಡಕೊಂಡು ಕೂಡು" ಅನ್ನುತ್ತಿದ್ದಳು. ಮೊದಲು ಏನೂ ಇಲ್ಲ. ಒಂದು ನಿಮಿಷ ಕಳೆದ ಮೇಲೆ ನಾಲಿಗೆ ಚುರುಚುರು, ಬಾಯಿ ತುಂಬ ಜೊಲ್ಲು, ಆಮೇಲೆ ತುಟಿಯಿಂದ ವಸಡಿನವರೆಗೆ ಜೋಮು! ನೋವು ಹೋಯಿತೋ ಇಲ್ಲವೋ ಗೊತ್ತಿಲ್ಲ, ನೋವಿನ ನೆನಪಂತೂ ಹೋಗುತ್ತಿತ್ತು. ಮಾತು ತಡವಾದ ಮಕ್ಕಳ ನಾಲಿಗೆಗೆ ಇದನ್ನು ಜೇನುತುಪ್ಪದಲ್ಲಿ ತೇಯ್ದು ಹಚ್ಚುವ ಪದ್ಧತಿಯೂ ಇತ್ತು. ಸಂಗೀತಗಾರರು ದನಿ ಬಿಡಿಸಿಕೊಳ್ಳಲು ಬಾಯಲ್ಲಿಟ್ಟುಕೊಳ್ಳುತ್ತಿದ್ದರು.

ಕೆಲಸ ಹುಡುಕಿಕೊಂಡು ಮುಂಬಯಿಗೆ ಬಂದ ಮೇಲೆ ನೋಡಿದರೆ ಇಲ್ಲಿಯೂ ಇದೇ ಹೆಸರು! ಮರಾಠಿಯವರಿಗೆ ಅಕ್ಕಲಕಾರಾ, ಹಿಂದಿಯವರಿಗೆ ಅಕರಕರಾ, ತಮಿಳರಿಗೆ ಅಕ್ಕರಕಾರಮ್, ತೆಲುಗರಿಗೆ ಅಕ್ಕಲಕರ್ರ. ಇಷ್ಟೊಂದು ಭಾಷೆಗಳಲ್ಲಿ ಹೆಚ್ಚುಕಡಿಮೆ ಒಂದೇ ಹೆಸರಿದ್ದರೆ ಸ್ವಲ್ಪ ಸಂಶಯ ಪಡಬೇಕು. ನಮ್ಮ ನೆಲದಲ್ಲೇ ಹುಟ್ಟಿದ ಗಿಡಕ್ಕೆ ಜಿಲ್ಲೆಗೊಂದು ಹೆಸರಿರುತ್ತದೆ. ಅಂಗಡಿಯಿಂದ ಬಂದ ಸರಕಿಗೆ ಎಲ್ಲೆಡೆ ಒಂದೇ ಹೆಸರು. ಅಕ್ಕಲಕರೆಯ ವಿಷಯವೂ ಹಾಗೆಯೇ. ಹೆಸರು ಎಷ್ಟೇ ಕನ್ನಡವಾಗಿ ಕೇಳಿದರೂ ಈ ಬೇರು ಕನ್ನಡನಾಡಿನದಲ್ಲ, ಭಾರತದ್ದೂ ಅಲ್ಲ. ಇದರ ಮೂಲ ಉತ್ತರ ಆಫ್ರಿಕಾದ ಮೊರಾಕ್ಕೊ, ಅಲ್ಜೀರಿಯಾ ಮತ್ತು ಸಮುದ್ರದ ಆಚೆ ದಂಡೆಯ ಸ್ಪೇನ್. ಅರಬ್ಬಿಯಲ್ಲಿ ಇದರ ಹೆಸರು ಆಕಿರ್ ಕರ್ಹಾ. ಅದೇ ಸಂಸ್ಕೃತಕ್ಕೆ ಬಂದು ಆಕಾರಕರಭವಾಯಿತು, ನಮ್ಮಲ್ಲಿ ಅಕ್ಕಲಕರೆಯಾಯಿತು.

ಸಸ್ಯಶಾಸ್ತ್ರಜ್ಞರು ಇದನ್ನು ಅನಾಸೈಕ್ಲಸ್ ಪೈರೆತ್ರಮ್ ಎನ್ನುತ್ತಾರೆ. ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬ. ಇದರ ಒಂದು ಗಿಡ್ಡ ತಳಿ ಅಟ್ಲಾಸ್ ಪರ್ವತದ ಕಲ್ಲು ಇಳಿಜಾರುಗಳಲ್ಲಿ ಬೆಳೆಯುತ್ತದೆ. ಅದಕ್ಕೆ ಡಿಪ್ರೆಸ್ಸಸ್ ಎಂಬ ಬಾಲ ಸೇರಿಸಿದ್ದಾರೆ. ಲ್ಯಾಟಿನ್ನಿನಲ್ಲಿ 'ಕೆಳಗೆ ಅದುಮಿದ್ದು' ಎಂದರ್ಥ. ಹೆಸರಿಗೆ ತಕ್ಕ ಗಿಡ. ನೆಲದಿಂದ ಮೇಲೆ ನಾಲ್ಕು ಬೆರಳು ಎತ್ತರವೂ ಏಳುವುದಿಲ್ಲ. ನಡುವೆ ಒಂದು ಬುಡ, ಅಲ್ಲಿಂದ ಗಾಡಿಯ ಚಕ್ರದ ಕಡ್ಡಿಗಳಂತೆ ಸುತ್ತಲೂ ನೆಲಕ್ಕಂಟಿ ಹೊರಟ ಕಾಂಡಗಳು, ಅವುಗಳ ತುದಿ ಮಾತ್ರ ಮೇಲಕ್ಕೆ ಬಾಗಿ ಅಲ್ಲೊಂದು ಹೂವು. ಎಲೆ ಬೂದು ಹಸಿರು, ಸಬ್ಬಸಿಗೆ ಸೊಪ್ಪಿನ ಹಾಗೆ ಸಣ್ಣಗೆ ಸೀಳಿದ್ದು. ಹೂವಿನ ನಡುವೆ ಹಳದಿ, ಸುತ್ತ ಬಿಳಿ ದಳ. ಇಷ್ಟೇ ಆಗಿದ್ದರೆ ಅದೊಂದು ಸಾಧಾರಣ ಡೇಸಿ. ವಿಶೇಷ ಇರುವುದು ದಳದ ಬೆನ್ನಿನಲ್ಲಿ, ಅಲ್ಲಿ ಕಡುಗೆಂಪು. ಬಿಸಿಲು ಬಿದ್ದಾಗ ಹೂವು ಅರಳಿ ಬೆಳ್ಳಗೆ ಕಾಣುತ್ತದೆ, ಮೋಡ ಕವಿದರೆ ಅಥವಾ ಸಂಜೆಯಾದರೆ ಮುಚ್ಚಿಕೊಂಡು ಕೆಂಪಾಗುತ್ತದೆ. ಒಂದೇ ಗಿಡ, ದಿನಕ್ಕೆರಡು ಬಣ್ಣ.

ಇಲ್ಲೊಂದು ಮಾತು. ನಮ್ಮ ಹಳ್ಳಿಗಳ ಗದ್ದೆ ಬದುವಿನಲ್ಲಿ, ತೇವದ ಜಾಗದಲ್ಲಿ, ಹಳದಿ ಗುಂಡಿಯಂಥ ಹೂವಿನ ಗಿಡವೊಂದು ಬೆಳೆಯುತ್ತದೆ. ಆ ಹೂವು ಅಗಿದರೂ ನಾಲಿಗೆ ಜೋಮು ಹಿಡಿಯುತ್ತದೆ. ಹಲ್ಲುನೋವಿನ ಗಿಡ ಎನ್ನುತ್ತಾರೆ, ಕೆಲವರು ಅದನ್ನೂ ಅಕ್ಕಲಕರೆ ಎಂದೇ ಕರೆಯುತ್ತಾರೆ. ಅದು ಬೇರೆ, ಇದು ಬೇರೆ. ಅದರದು ಹೂವು ಔಷಧ, ಇದರದು ಬೇರು. ಕುಟುಂಬ ಒಂದೇ, ಚುರುಗುಟ್ಟಿಸುವ ರಾಸಾಯನಿಕಗಳೂ ಒಂದೇ ವರ್ಗದವು. ಅಂಗಡಿಯ ಬೇರು ಸಿಗದ ಕಡೆ ನಮ್ಮ ಜನ ಅದೇ ಗುಣದ ಗಿಡವನ್ನು ಮನೆಯ ಹಿಂದೆಯೇ ಹುಡುಕಿಕೊಂಡು ಹೆಸರನ್ನು ಅದಕ್ಕೆ ದಾನ ಮಾಡಿದ್ದಾರೆ ಅಷ್ಟೆ.

ಇನ್ನು ಬೇರಿನ ಹಳೆಯ ಕಥೆಗೆ ಬರೋಣ. ಕ್ರಿ.ಶ. ಮೊದಲ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೊರಿಡೀಸ್ ಪೈರೆತ್ರಾನ್ ಎಂಬ ಬೇರಿನ ಬಗ್ಗೆ ಬರೆದಿದ್ದಾನೆ. ಗ್ರೀಕಿನಲ್ಲಿ 'ಪೈರ್' ಎಂದರೆ ಬೆಂಕಿ. ಅಗಿದರೆ ಕಫ ಎಳೆಯುತ್ತದೆ, ವಿನೆಗರಿನಲ್ಲಿ ಕುದಿಸಿ ಬಾಯಿ ಮುಕ್ಕಳಿಸಿದರೆ ಹಲ್ಲುನೋವಿಗೆ ಒಳ್ಳೆಯದು ಎನ್ನುತ್ತಾನೆ. ಅಜ್ಜಿಯ ಚಿಕಿತ್ಸೆಗೂ ಅವನದಕ್ಕೂ ದೊಡ್ಡ ವ್ಯತ್ಯಾಸವಿಲ್ಲ! ಆದರೆ ಅವನು ಹೂವನ್ನು ವರ್ಣಿಸುವ ರೀತಿ ನೋಡಿ: ಸಬ್ಬಸಿಗೆಯ ಹೂವಿನಂತೆ ಕೊಡೆಯಾಕಾರದ ಗೊಂಚಲು ಎನ್ನುತ್ತಾನೆ. ನಮ್ಮ ಬಿಳಿ ಡೇಸಿಗೆ ಇದು ಹೊಂದುವುದೇ ಇಲ್ಲ. ಹಾಗಾಗಿ ಅವನು ಹೇಳಿದ್ದು ಇದೇ ಗಿಡವೇ ಎಂಬ ಚರ್ಚೆ ವಿದ್ವಾಂಸರಲ್ಲಿ ಇದೆ. ಅವನದು ಬೇರೆ ಗಿಡವೇ ಇರಬಹುದು, ಅಥವಾ ಬೇರನ್ನು ಚೆನ್ನಾಗಿ ಬಲ್ಲವನು ಹೂವನ್ನು ಕಣ್ಣಾರೆ ಕಂಡಿರಲಿಕ್ಕಿಲ್ಲ. ಹೀಗೆ ಬೇರೊಂದನ್ನೇ ಬಲ್ಲವರು ಈ ಕಥೆಯಲ್ಲಿ ಮುಂದೆಯೂ ಬರುತ್ತಾರೆ.

ಗಿಡವನ್ನು ಅದರ ಊರಿನಲ್ಲೇ ಕಂಡು ಬರೆದವರು ಅರಬ್ಬಿ ಭಾಷೆಯ ಪಂಡಿತರು. ಸ್ಪೇನಿನ ಮಾಲಗಾದಲ್ಲಿ ಹುಟ್ಟಿದ ಇಬ್ನ್ ಅಲ್-ಬೈತಾರ್ 13ನೇ ಶತಮಾನದ ಮೊದಲ ಭಾಗದಲ್ಲಿ ಉತ್ತರ ಆಫ್ರಿಕಾದ ಉದ್ದಕ್ಕೂ ಗಿಡ ಹುಡುಕುತ್ತಾ ಪೂರ್ವಕ್ಕೆ ಹೋದವನು. ಅಲ್ಜೀರಿಯಾದ ಕಾನ್‌ಸ್ಟಂಟೀನ್ ಪಟ್ಟಣದ ಹೊರಗೆ ಇದನ್ನು ಕಂಡದ್ದನ್ನು ದಾಖಲಿಸಿದ್ದಾನೆ. ಅವನಿಗಿಂತ ಇನ್ನೂರು ವರ್ಷ ಮೊದಲೇ ಇಬ್ನ್ ಸೀನಾನ ವೈದ್ಯಗ್ರಂಥದಲ್ಲಿ ಆಕಿರ್ ಕರ್ಹಾ ಸೇರಿತ್ತು. ಆ ಗ್ರಂಥ ಹೋದಲ್ಲೆಲ್ಲಾ ಬೇರೂ ಹೋಯಿತು.

ನಮ್ಮಲ್ಲಿಗೆ ಯಾವಾಗ ಬಂತು? ಚರಕ, ಸುಶ್ರುತ ಸಂಹಿತೆಗಳಲ್ಲಿ ಆಕಾರಕರಭ ಇಲ್ಲ. ಅದು ಕಾಣಿಸಿಕೊಳ್ಳುವುದು ಮಧ್ಯಯುಗದ ಗ್ರಂಥಗಳಲ್ಲಿ. 13-14ನೇ ಶತಮಾನದ್ದೆಂದು ಹೇಳಲಾಗುವ ಶಾರ್ಙ್ಗಧರ ಸಂಹಿತೆಯಲ್ಲಿ ಆಕಾರಕರಭಾದಿ ಚೂರ್ಣ ಎಂಬ ಯೋಗವೇ ಇದೆ. ಅದರಲ್ಲಿ ಶುಂಠಿ, ಹಿಪ್ಪಲಿ, ಲವಂಗಗಳ ಜೊತೆಗೆ ಕೇಸರಿ, ಅಫೀಮು ಕೂಡ. ಅಫೀಮು ಸಹ ಚರಕ, ಸುಶ್ರುತರಲ್ಲಿ ಇಲ್ಲದ, ಪಶ್ಚಿಮದಿಂದ ಬಂದ ವಸ್ತು. 16ನೇ ಶತಮಾನದ ಭಾವಪ್ರಕಾಶದ ಹೊತ್ತಿಗೆ ಅಕ್ಕಲಕರೆ ಮನೆಯವನೇ ಆಗಿಬಿಟ್ಟಿತ್ತು. ಹೊರಗಿನದು ಎಂದು ಯಾವ ವೈದ್ಯನೂ ಅದನ್ನು ಬಾಗಿಲಲ್ಲಿ ನಿಲ್ಲಿಸಲಿಲ್ಲ. ಪರೀಕ್ಷಿಸಿದರು, ಗುಣ ಕಂಡರು, ಸಂಸ್ಕೃತದಲ್ಲೊಂದು ಹೆಸರಿಟ್ಟು ಒಳಗೆ ಕರೆದುಕೊಂಡರು. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಮ್ಮಂಥವರಿಗೆ ಇದು ಸ್ವಲ್ಪ ಸಮಾಧಾನ ಕೊಡುವ ಸಂಗತಿ, ಅಲ್ಲವೇ?

ಈಗ ನಮ್ಮ ಮುಂಬಯಿಯ ಪಾತ್ರ. 19ನೇ ಶತಮಾನದಲ್ಲಿ ಈ ಬೇರು ಅಲ್ಜೀರಿಯಾದ ಒರಾನ್ ಮತ್ತು ಅಲ್ಜಿಯರ್ಸ್ ಬಂದರುಗಳಿಂದ ಹೊರಡುತ್ತಿತ್ತು. ಭಾರತದಲ್ಲಿ ಅದು ಇಳಿಯುತ್ತಿದ್ದ ಮುಖ್ಯ ಬಂದರು ಮುಂಬಯಿ. 1869ರಲ್ಲಿ ಸುಯೆಜ್ ಕಾಲುವೆ ತೆರೆದ ಮೇಲೆ ಮೆಡಿಟರೇನಿಯನ್ನಿಂದ ಇಲ್ಲಿಗೆ ಸಮುದ್ರದ ದಾರಿ ಬಹಳ ಹತ್ತಿರವಾಯಿತು. ಫ್ಲೂಕಿಗರ್ ಮತ್ತು ಹ್ಯಾನ್‌ಬರಿ 1874ರಲ್ಲಿ ಪ್ರಕಟಿಸಿದ ಔಷಧ ಸಾಮಗ್ರಿಗಳ ಇತಿಹಾಸದಲ್ಲಿ ಮುಂಬಯಿಯ ಈ ಆಮದಿನ ಪ್ರಸ್ತಾಪವಿದೆ. ಇಲ್ಲಿ ಬಂದ ಮಾಲಿನ ದೊಡ್ಡ ಪಾಲು ಮತ್ತೆ ಹಡಗೇರಿ ಭಾರತದ ಬೇರೆ ಬಂದರುಗಳಿಗೆ ಹೋಗುತ್ತಿತ್ತು. ಮಾಂಡ್ವಿ, ಮಸ್ಜಿದ್ ಬಂದರಿನ ಕಿರಿದಾದ ಗಲ್ಲಿಗಳಲ್ಲಿ ಇಂದಿಗೂ ಮಸಾಲೆ, ಒಣಬೇರುಗಳ ಗೋಣಿಚೀಲಗಳು ತೋಳೇರಿ ಇಳಿಯುವುದನ್ನು ನೋಡಿದವರಿಗೆ ಆ ಕಾಲ ಊಹಿಸಿಕೊಳ್ಳುವುದು ಕಷ್ಟವಲ್ಲ. ಮೈಸೂರು ಕಡೆಯವರು ಗ್ರಂಧಿಗೆ ಅಂಗಡಿ ಎನ್ನುತ್ತಾರಲ್ಲ, ಅಂಥ ಅಂಗಡಿಗಳಲ್ಲಿ ಕಾಗದದ ಪೊಟ್ಟಣಕ್ಕೆ ಬೀಳುತ್ತಿದ್ದ ಎರಡು ಕಾಸಿನ ಬೇರು ಅಷ್ಟು ದೂರದ ಪ್ರಯಾಣ ಮುಗಿಸಿ ಬಂದದ್ದು. ಕೊಡುವವನಿಗೂ ತಿಳಿಯದು, ಕೊಳ್ಳುವವನಿಗೂ ತಿಳಿಯದು. ಅದರ ಹೂವು ಯಾವ ಬಣ್ಣ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ.

ಹೂವನ್ನು ಕೇಳಿಕೊಂಡು ಹೋದವರು ಬೇರೆಯವರು. 1871ರ ವಸಂತದಲ್ಲಿ ಮೂವರು ಬ್ರಿಟಿಷರು ಮೊರಾಕ್ಕೊಗೆ ಬಂದಿಳಿದರು. ಒಬ್ಬರು ಜೋಸೆಫ್ ಡಾಲ್ಟನ್ ಹೂಕರ್, ಲಂಡನ್ನಿನ ಕ್ಯೂ ಉದ್ಯಾನದ ನಿರ್ದೇಶಕರು. ನಮ್ಮ ದೇಶದ ಸಸ್ಯಗಳ ಬಗ್ಗೆ ಓದಿದವರಿಗೆ ಈ ಹೆಸರು ಚಿರಪರಿಚಿತ. 1840ರ ದಶಕದ ಕೊನೆಯಲ್ಲಿ ಸಿಕ್ಕಿಂ ಹಿಮಾಲಯ ಸುತ್ತಿದವರು, 1872ರಿಂದ 1897ರವರೆಗೆ ಏಳು ಸಂಪುಟಗಳಲ್ಲಿ ಬ್ರಿಟಿಷ್ ಇಂಡಿಯಾದ ಸಸ್ಯಸಂಪತ್ತನ್ನು ದಾಖಲಿಸಿದವರು ಇವರೇ. ಎರಡನೆಯವರು ಜಾನ್ ಬಾಲ್, ಐರ್ಲೆಂಡಿನ ರಾಜಕಾರಣಿ, ಪರ್ವತಾರೋಹಿಗಳ ಆಲ್ಪೈನ್ ಕ್ಲಬ್ಬಿನ ಮೊದಲ ಅಧ್ಯಕ್ಷರು. ಮೂರನೆಯವರು ಜಾರ್ಜ್ ಮಾ, ಟೈಲ್ಸ್ ಕಾರ್ಖಾನೆಯ ಮಾಲೀಕರು, ಕೇಸರಿ ಜಾತಿಯ ಹೂಗಳ ದೊಡ್ಡ ತಜ್ಞರು. ಹೊರಗಿನವರಿಗೆ ಅಟ್ಲಾಸ್ ಪರ್ವತ ಆಗ ಹೆಚ್ಚುಕಡಿಮೆ ಮುಚ್ಚಿದ ಬಾಗಿಲು. ಸುಲ್ತಾನರ ಅಪ್ಪಣೆ ಪಡೆದು, ಕಾವಲಿನವರನ್ನು ಜೊತೆಗಿಟ್ಟುಕೊಂಡು ಮರಾಕೇಶಿನಿಂದ ಹೊರಟು ಕಣಿವೆಗಳನ್ನು ಹತ್ತಿದರು. ಹೂಕರ್ ವೈದ್ಯಶಾಸ್ತ್ರ ಓದಿದ್ದವರು. ಗಿಡ ಕೀಳುವ ಪರದೇಶಿಯನ್ನು ಅಲ್ಲಿನ ಜನ ಹಕೀಮನೆಂದೇ ಕಂಡರು. ನ್ಯಾಯವಾಗಿಯೇ ಇದೆ. ಮದ್ದಿಗಲ್ಲದೆ ಇಷ್ಟು ಕಷ್ಟಪಟ್ಟು ಯಾರಾದರೂ ಗಿಡ ಹುಡುಕುತ್ತಾರೆಯೇ?

ಆ ಪ್ರವಾಸದ ಗಿಡಗಳನ್ನು ಪರಿಶೀಲಿಸಿ ಜಾನ್ ಬಾಲ್ 1870ರ ದಶಕದಲ್ಲಿ ಹಲವು ಹೊಸ ಹೆಸರುಗಳನ್ನು ಪ್ರಕಟಿಸಿದರು. ನೆಲಕ್ಕೆ ಅದುಮಿಕೊಂಡ ಆ ಡೇಸಿಗೆ ಅನಾಸೈಕ್ಲಸ್ ಡಿಪ್ರೆಸ್ಸಸ್ ಎಂದು ಹೆಸರಿಟ್ಟು ಪ್ರತ್ಯೇಕ ಜಾತಿಯಾಗಿ ಎಣಿಸಿದರು. ಅದು ಅಕ್ಕಲಕರೆಯದ್ದೇ ಒಂದು ತಳಿ ಎಂದು ಸಸ್ಯಶಾಸ್ತ್ರಜ್ಞರು ಸೇರಿಸಿದ್ದು 20ನೇ ಶತಮಾನದಲ್ಲಿ. ಅಂದರೆ ಕೆಲವು ಕಾಲ ಪುಸ್ತಕದಲ್ಲಿ ಕೂಡ ಔಷಧದ ಗಿಡ ಬೇರೆ, ಹೂವಿನ ಗಿಡ ಬೇರೆ ಆಗಿತ್ತು!

ಆಗ ಇಂಗ್ಲೆಂಡಿನಲ್ಲಿ ಶಿಲೋದ್ಯಾನದ ಹುಚ್ಚು ಏರುತ್ತಿತ್ತು. ಹಿತ್ತಿಲಿನಲ್ಲಿ ಬಂಡೆ, ಜಲ್ಲಿ ಗುಡ್ಡೆ ಹಾಕಿ ಆಲ್ಪ್ಸ್ ಪರ್ವತದ ಪುಟ್ಟ ಗಿಡಗಳನ್ನು ಬೆಳೆಸುವ ಹವ್ಯಾಸ. ರೆಜಿನಾಲ್ಡ್ ಫ್ಯಾರರ್ ಎಂಬ ಲೇಖಕ 1907ರಲ್ಲಿ ತನ್ನ ಶಿಲೋದ್ಯಾನದ ಬಗ್ಗೆ ಪುಸ್ತಕ ಬರೆದು ಅದನ್ನು ಮನೆಮಾತು ಮಾಡಿದ. 1929ರಲ್ಲಿ ಇಂಥ ಹವ್ಯಾಸಿಗಳದ್ದೇ ಆಲ್ಪೈನ್ ಗಾರ್ಡನ್ ಸೊಸೈಟಿ ಹುಟ್ಟಿಕೊಂಡಿತು. ಈ ಮಂದಿಗೆ ಮೌಂಟ್ ಅಟ್ಲಾಸ್ ಡೇಸಿ ಹೇಳಿ ಮಾಡಿಸಿದ ಗಿಡ. ಚಳಿಗೆ ಹೆದರದು, ಜಾಗ ಕೇಳದು, ಕಲ್ಲಿನ ಸಂದಿಯಲ್ಲಿ ಕೂತು ಬೇಸಿಗೆಯಲ್ಲಿ ಹೂ ಬಿಡುತ್ತದೆ. ಅವರು ಕಂಡುಕೊಂಡ ನಿಯಮಗಳು ಸರಳ: ಇಡೀ ದಿನ ಬಿಸಿಲು, ನೀರು ಒಂದು ಗಳಿಗೆಯೂ ನಿಲ್ಲದ ಜಲ್ಲಿ ಮಣ್ಣು, ಗೊಬ್ಬರ ಬೇಡವೇ ಬೇಡ, ಒಮ್ಮೆ ನೆಟ್ಟರೆ ಕಿತ್ತು ಬೇರೆಡೆ ಇಡಬಾರದು. ಉದ್ದಕ್ಕೆ ಇಳಿಯುವ ತಾಯಿಬೇರಿಗೆ ಪೆಟ್ಟು ಬಿದ್ದರೆ ಗಿಡ ಹೋಯಿತು. ಕೊರೆಯುವ ಚಳಿಯನ್ನು ತಡೆದುಕೊಳ್ಳುವ ಗಿಡ ಚಳಿಗಾಲದ ಜಿಟಿಜಿಟಿ ಮಳೆಗೆ ಕೊಳೆತು ಸಾಯುತ್ತದೆ. ಆಯುಸ್ಸೂ ಬಹಳಿಲ್ಲ, ಹಾಗಾಗಿ ಅವರು ಕೆಲವು ವರ್ಷಕ್ಕೊಮ್ಮೆ ಬೀಜ ಕಟ್ಟಿಟ್ಟು ಹೊಸ ಗಿಡ ಮಾಡಿಕೊಳ್ಳುತ್ತಾರೆ. ಜರ್ಮನ್ನರು 'ಬೆಳ್ಳಿ ದಿಂಬು' ಎಂಬರ್ಥದ ಸಿಲ್ಬರ್‌ಕಿಸೆನ್ ಎಂಬ ತಳಿಯನ್ನೇ ಮಾಡಿದರು. ಇಂಗ್ಲೆಂಡಿನ ಔಷಧ ಅಂಗಡಿಗಳಲ್ಲೂ 19ನೇ ಶತಮಾನದಲ್ಲಿ ಹಲ್ಲುನೋವಿಗೆ ಈ ಬೇರಿನ ಅರಿಷ್ಟ ಸಿಗುತ್ತಿತ್ತು, ಆಮೇಲೆ ಅದು ಕಪಾಟಿನಿಂದ ಮರೆಯಾಯಿತು. ಅಲ್ಲಿ ಉಳಿದದ್ದು ಹೂವು.

ಹೀಗೆ ಒಂದೇ ಗಿಡಕ್ಕೆ ಎರಡು ಸಂಸಾರ. ನಮಗೆ ಬೇರು ಬೇಕು, ಅವರಿಗೆ ಹೂವು ಬೇಕು. ಇದರಲ್ಲಿ ತಪ್ಪೇನು ಎನ್ನಬಹುದು. ಲೆಕ್ಕ ಬೇರೆಯೇ ಇದೆ. ಹೂವು ಬೇಕಾದವನು ಬೀಜ ಕಾಯುತ್ತಾನೆ, ಮುಂದಿನ ವರ್ಷ ಬಿತ್ತುತ್ತಾನೆ. ಬೇರು ಬೇಕಾದವನಿಗಾಗಿ ಗಿಡವನ್ನೇ ಅಗೆಯಬೇಕು. ಎಲೆ ಕಿತ್ತರೆ ಚಿಗುರುತ್ತದೆ, ಹಣ್ಣು ಕಿತ್ತರೆ ಮತ್ತೆ ಬಿಡುತ್ತದೆ. ಬೇರು ಕಿತ್ತರೆ ಅಲ್ಲಿಗೆ ಮುಗಿಯಿತು. ಶತಮಾನಗಳಿಂದ ನಾವು ಕೊಂಡದ್ದರಲ್ಲಿ ಬಹುಪಾಲು ಹೊಲದಲ್ಲಿ ಬೆಳೆದದ್ದಲ್ಲ, ಬೆಟ್ಟದಲ್ಲಿ ತಾನೇ ಹುಟ್ಟಿದ್ದನ್ನು ಅಗೆದು ತಂದದ್ದು. ಹೊರಗಿನವರು ಬರ್ಬರರೆಂದು ಕರೆಯುವ, ತಮ್ಮನ್ನು ಅಮಾಜಿಗ್ ಎಂದು ಹೇಳಿಕೊಳ್ಳುವ ಬೆಟ್ಟದ ಜನ, ದನ ಕುರಿ ಕಾಯುವವರು, ಹೆಂಗಸರು, ಸಣ್ಣ ಗುದ್ದಲಿ ಹಿಡಿದು ಇದನ್ನು ಅಗೆಯುತ್ತಾರೆ. ಸಂತೆಗೆ ತರುತ್ತಾರೆ. ಅಲ್ಲಿಂದ ಕೈ ಬದಲಾಗುತ್ತಾ ಬಂದರಿಗೆ ಬರುತ್ತದೆ. ಕೊಳ್ಳುವ ದೇಶಗಳಲ್ಲಿ ದೊಡ್ಡದು ನಮ್ಮದೇ. ಐಯುಸಿಎನ್‌ನ ಕೆಂಪುಪಟ್ಟಿಯಲ್ಲಿ ಅಕ್ಕಲಕರೆ ಈಗ 'ಅಪಾಯಕ್ಕೆ ಸಿಲುಕಬಹುದಾದ' ಜಾತಿಗಳ ಸಾಲಿನಲ್ಲಿದೆ.

ಬೆಟ್ಟದ ಜನರಿಗೆ ಗಿಡದ ಬಗ್ಗೆ ಕಾಳಜಿ ಇಲ್ಲ ಎಂದುಕೊಳ್ಳಬೇಡಿ. ಮೊರಾಕ್ಕೊದ ಐತ್ ಮ್ಹಮ್ಮದ್ ಕಣಿವೆಯಲ್ಲಿ ಅಧ್ಯಯನ ಮಾಡಿದ ಸಂಶೋಧಕರು, ಗಿಡ ಉಳಿಯುವಂತೆ ಬೇರು ಅಗೆಯುವ ಸಾಂಪ್ರದಾಯಿಕ ತಿಳಿವಳಿಕೆ ಅಲ್ಲಿ ಇರುವುದನ್ನು ದಾಖಲಿಸಿದ್ದಾರೆ. ಆದರೆ ಬಡವನ ಹೊಟ್ಟೆ ಮತ್ತು ದೂರದ ಗಿರಾಕಿಯ ಬೇಡಿಕೆ ಎರಡೂ ಸೇರಿದಾಗ ಯಾವ ಕಟ್ಟುಪಾಡು ಎಷ್ಟು ದಿನ ನಿಂತೀತು? ನಮ್ಮ ಪಶ್ಚಿಮ ಘಟ್ಟದಲ್ಲಿ ರಾಮಪತ್ರೆಯ ಕಾಯಿಗೆ, ಧೂಪದ ಮರಕ್ಕೆ ಏನಾಯಿತು ಎಂದು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಬೆಟ್ಟ ಅವರದು, ಬೇಡಿಕೆ ನಮ್ಮದು. ಅದಕ್ಕೇ ಈ ಬೇರಿನ ಕಥೆಗೂ ನಮಗೂ ಸಂಬಂಧವಿದೆ.

ಸಮಾಧಾನದ ಸಂಗತಿಯೂ ಇದೆ. ಇತ್ತೀಚಿನ ದಶಕಗಳಲ್ಲಿ ಅಕ್ಕಲಕರೆಯನ್ನು ನಮ್ಮ ದೇಶದಲ್ಲೇ ಬೆಳೆಯತೊಡಗಿದ್ದಾರೆ. ಮಧ್ಯಪ್ರದೇಶದಲ್ಲಿ ರೈತರು ಅಕ್ಟೋಬರ್-ನವೆಂಬರಿನಲ್ಲಿ ಬಿತ್ತಿ, ಆರೇಳು ತಿಂಗಳಲ್ಲಿ, ಮಳೆಗಾಲಕ್ಕೆ ಮೊದಲೇ ಬೇರು ಅಗೆಯುತ್ತಾರೆ. ಅಲ್ಲಿನ ನೀಮಚ್ ಪೇಟೆ ಗಿಡಮೂಲಿಕೆ ವ್ಯಾಪಾರಕ್ಕೆ ಹೆಸರಾದದ್ದು, ಅಕ್ಕಲಕರೆಯೂ ಅಲ್ಲಿಗೆ ಬರುತ್ತದೆ. ಆಫ್ರಿಕಾದ ಬೆಟ್ಟದ ಬಹುವಾರ್ಷಿಕ ಗಿಡವನ್ನು ಮಾಳವದ ರೈತ ಗೋಧಿ, ಕಡಲೆಯಂತೆ ಹಿಂಗಾರಿ ಬೆಳೆ ಮಾಡಿಕೊಂಡಿದ್ದಾನೆ!

ಆ ಕಡೆಯಿಂದ ಬಂದ ಒಂದು ಚಮಚ ಬೀಜ ಪರಿಚಿತರೊಬ್ಬರಿಂದ ನನ್ನ ಕೈಗೂ ಸಿಕ್ಕಿತು. ಡೊಂಬಿವಿಲಿಯ ನಮ್ಮ ಕಟ್ಟಡದ ತಾರಸಿಯಲ್ಲಿ ಮೂರು ಚಳಿಗಾಲದಿಂದ ಬೆಳೆಯುತ್ತಿದ್ದೇನೆ. ಇದು ಹೊಲದ ತಳಿ, ಅಟ್ಲಾಸಿನ ಗಿಡ್ಡ ತಳಿಗಿಂತ ಎತ್ತರ, ಆದರೆ ಹೂವು ಅದೇ: ಮುಂದೆ ಬಿಳಿ, ಹಿಂದೆ ಕೆಂಪು. ಬಯಸಿದವರಿಗಾಗಿ ಕ್ರಮ ಹೇಳುತ್ತೇನೆ. ಮಳೆ ಪೂರ್ತಿ ನಿಂತ ಮೇಲೆ, ದೀಪಾವಳಿಯ ಆಸುಪಾಸು ಬಿತ್ತಬೇಕು. ಅಗಲದ್ದಕ್ಕಿಂತ ಆಳದ ಮಣ್ಣಿನ ಕುಂಡ ಒಳ್ಳೆಯದು; ಪ್ಲಾಸ್ಟಿಕ್ ಬೇಡ. ಒಂದು ಪಾಲು ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಇಟ್ಟಿಗೆ ಚೂರು ಅಥವಾ ಸಣ್ಣ ಜಲ್ಲಿ. ಬೀಜವನ್ನು ಮೇಲೆ ಉದುರಿಸಿ ಸ್ವಲ್ಪ ಮರಳು ಹಾಕಿದರೆ ಸಾಕು, ಹೂಳಬೇಡಿ. ಎಲ್ಲಿ ಬೆಳೆಯಬೇಕೋ ಅಲ್ಲೇ ಬಿತ್ತಿ, ಕುಂಡಕ್ಕೆ ಎರಡು ಗಿಡ ಉಳಿಸಿಕೊಳ್ಳಿ. ಮೇಲ್ಮಣ್ಣು ಒಣಗಿದ ಮೇಲೆಯೇ ನೀರು. ಬುಡದ ಸುತ್ತ ಸಣ್ಣ ಕಲ್ಲು ಹರಡಿದರೆ ಕಾಂಡ ಕೊಳೆಯುವುದಿಲ್ಲ. ನೆರಳಿನ ಬಾಲ್ಕನಿಯಲ್ಲಿ ಇದು ಹೂ ಬಿಡುವುದಿಲ್ಲ, ಅಷ್ಟು ನಿಜ. ಮುಂಬಯಿಯ ಜೂನ್ ಮಳೆಗೆ ಗಿಡ ಉಳಿಯುವುದಿಲ್ಲ. ಬೀಜ ಒಣಗಿಸಿ ಡಬ್ಬಿಗೆ ಹಾಕಿಡುವುದು, ಮುಂದಿನ ಚಳಿಗೆ ಮತ್ತೆ ಬಿತ್ತುವುದು, ಇದೇ ಇಲ್ಲಿನ ಕ್ರಮ. ದಿಲ್ಲಿ, ಪುಣೆಯವರಿಗೂ ಇದೇ ಲೆಕ್ಕ. ಹಿಮಾಚಲ, ಕಾಶ್ಮೀರದ ಕಡೆ ಮನೆ ಮಾಡಿಕೊಂಡವರಿದ್ದರೆ ಅವರಿಗೆ ಮಾತ್ರ ಇದು ವರ್ಷ ವರ್ಷವೂ ಬುಡದಿಂದ ಚಿಗುರುವ ಗಿಡವಾದೀತು.

ಫೆಬ್ರವರಿಯ ಬೆಳಿಗ್ಗೆ ಹತ್ತು ಗಂಟೆಗೆ ತಾರಸಿಗೆ ಹೋದರೆ ಹೂಗಳೆಲ್ಲ ಬಿಳಿ. ಕೆಲಸ ಮುಗಿಸಿ ಲೋಕಲ್ ಹಿಡಿದು ಬರುವ ಹೊತ್ತಿಗೆ ಎಲ್ಲವೂ ಕೆಂಪು ಮೊಗ್ಗಾಗಿ ಮುಚ್ಚಿರುತ್ತವೆ. ಎದುರು ಮನೆಯ ಮರಾಠಿ ಕಾಕೂ ಒಂದು ದಿನ ಬಂದು "ಇದ್ಯಾವ ಹೂವು?" ಎಂದು ಕೇಳಿದರು. ಅಕ್ಕಲಕಾರಾ ಎಂದೆ. ಅವರು ನಂಬಲೇ ಇಲ್ಲ. ಅರವತ್ತು ವರ್ಷ ಬೇರು ತೇಯ್ದ ಕೈ ಅವರದು, ಅದಕ್ಕೊಂದು ಹೂವಿರುತ್ತದೆ ಎಂಬುದೇ ಅವರಿಗೆ ಹೊಸ ಸುದ್ದಿ. ಹೋಗುವಾಗ ನಾಲ್ಕು ಬೀಜ ಸೆರಗಿಗೆ ಕಟ್ಟಿಕೊಂಡು ಹೋದರು.

ಇದು ಮದ್ದಿನ ಸಲಹೆ ಅಲ್ಲ, ಗಮನಿಸಿ. ಖಾರದ ಬೇರು, ಮಕ್ಕಳ ಬಾಯಿಗೆ ವೈದ್ಯರನ್ನು ಕೇಳದೆ ಹಾಕಬಾರದು. ನಾನು ಹೇಳುವುದಿಷ್ಟೇ: ಇನ್ನೊಮ್ಮೆ ಗ್ರಂಧಿಗೆ ಅಂಗಡಿಗೆ ಹೋಗಿ ಅಕ್ಕಲಕರೆ ಕೊಂಡರೆ, ಇದು ಹೊಲದ್ದೋ ಬೆಟ್ಟದ್ದೋ ಎಂದು ಒಂದು ಮಾತು ಕೇಳಿ. ಅಂಗಡಿಯವನಿಗೆ ಉತ್ತರ ಗೊತ್ತಿಲ್ಲದಿರಬಹುದು. ಹತ್ತು ಗಿರಾಕಿಗಳು ಕೇಳಿದರೆ ಅವನು ತನಗೆ ಮಾಲು ಕೊಡುವವನನ್ನು ಕೇಳುತ್ತಾನೆ. ತಾರಸಿಯಲ್ಲಿ ಬಿಸಿಲಿದ್ದರೆ, ಈ ದೀಪಾವಳಿಗೆ ಒಂದು ಕುಂಡ ಖಾಲಿ ಇಡಿ.